ಮೂರು ಡ್ರೈವ್, ಒಂದೇ ದೂರು: ಆಲ್ದೂರಿನಾಚೆಯ ತೋಟದ ಕಚೇರಿಯ ಹಳೆಯ ಕಂಪ್ಯೂಟರ್

ಡಿಸೆಂಬರ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಆಲ್ದೂರಿನಾಚೆಯ ಕಾಫಿ ತೋಟವೊಂದರಿಂದ ಫೋನ್ ಬಂತು. ತೋಟದ ರೈಟರು (ಲೆಕ್ಕ ಬರೆಯುವವರು) ಹೇಳಿದ್ದು ಇಷ್ಟೇ: "ಸಾರ್, ನಮ್ಮ ಕಂಪ್ಯೂಟರ್ ಯಾವ ಯುಎಸ್‌ಬಿನೂ ಓದ್ತಾ ಇಲ್ಲ. ಶನಿವಾರ ಬಟವಾಡೆ ಇದೆ." ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ರಿಪೇರಿಯನ್ನೇ ನಂಬಿಕೊಂಡಿರುವ ನನಗೆ ಈ ಮಾತು ಹೊಸದಲ್ಲ. ಆದರೆ "ಓದ್ತಾ ಇಲ್ಲ" ಎನ್ನುವುದು "ಮೈಗೆ ಹುಷಾರಿಲ್ಲ" ಎಂದಂತೆ. ಅದರಿಂದ ರೋಗ ಯಾವುದೆಂದು ತಿಳಿಯುವುದಿಲ್ಲ. ಈ ಪ್ರಕರಣವನ್ನು ಬರೆದಿಡುತ್ತಿರುವುದಕ್ಕೆ ಕಾರಣ, ಆ ಒಂದು ದೂರಿನ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ದೋಷಗಳಿದ್ದವು ಮತ್ತು ಅವುಗಳಲ್ಲಿ ಒಂದನ್ನು ಸರಿಪಡಿಸಿದ ಮೇಲಷ್ಟೇ ಅದರ ಹಿಂದೆ ಅಡಗಿದ್ದ ಇನ್ನೊಂದು ಕಾಣುವಂತಿತ್ತು.

ನನಗಿಂತ ಮೊದಲು ಬೇರೊಬ್ಬರು ಬಂದು ನೋಡಿ, ಮದರ್‌ಬೋರ್ಡ್ ಹೋಗಿದೆ, ಇಡೀ ಯಂತ್ರವನ್ನೇ ಬದಲಿಸಬೇಕು ಎಂದು ಹೇಳಿ ಹೋಗಿದ್ದರಂತೆ. ಆ ತೀರ್ಮಾನ ತಪ್ಪಾಗಿತ್ತು. ಆದರೂ ಹಾಗೆ ಅನ್ನಿಸಲು ಕಾರಣವಿತ್ತು ಎಂಬುದನ್ನು ಒಪ್ಪಬೇಕು: ಮೂರು ಬೇರೆ ಬೇರೆ ಡ್ರೈವ್‌ಗಳನ್ನು ಹಾಕಿ, ಮೂರೂ ತೆರೆಯದೇ ಹೋದರೆ ಯಾರಿಗಾದರೂ ಮೊದಲು ಅನುಮಾನ ಬರುವುದು ಕಂಪ್ಯೂಟರಿನ ಮೇಲೆಯೇ.

ಯಂತ್ರ ಮತ್ತು ಅದನ್ನು ಬಿಡಲಾಗದ ಕಾರಣ

ಕಂಪ್ಯೂಟರ್ 2005ರಲ್ಲಿ ಜೋಡಿಸಿದ್ದು. ಪೆಂಟಿಯಂ 4 ಪ್ರೊಸೆಸರ್, 512 ಎಂಬಿ ರ್‍ಯಾಮ್, 80 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಈ ಯಂತ್ರಕ್ಕೆ ಇಂಟರ್‌ನೆಟ್ ಸಂಪರ್ಕವೇ ಇಲ್ಲದಿರುವುದರಿಂದ ಆ ದಾರಿಯಿಂದ ವೈರಸ್ ಬರುವ ಭಯ ಇರಲಿಲ್ಲ. ಅದರಲ್ಲಿ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪಟ್ಟಿ) ಮತ್ತು ತೋಟದ ಲೆಕ್ಕದ ಒಂದು ಪ್ರೋಗ್ರಾಂ ಇದೆ. ಬರೆದುಕೊಟ್ಟವರು ಊರು ಬಿಟ್ಟು ವರ್ಷಗಳೇ ಆಗಿವೆ. ಪ್ರೋಗ್ರಾಂ ತೆರೆಯಬೇಕಾದರೆ ಹಿಂಭಾಗದ ಪ್ಯಾರಲಲ್ ಪೋರ್ಟಿಗೆ (ಹಳೆಯ ಪ್ರಿಂಟರ್ ಪೋರ್ಟು) ಒಂದು ಡಾಂಗಲ್, ಅಂದರೆ ಪ್ರೋಗ್ರಾಮಿಗೆ ಬೀಗದ ಕೈಯಂಥ ಚಿಕ್ಕ ಸಾಧನ, ಸಿಕ್ಕಿಸಿರಬೇಕು, ಆ ಡಾಂಗಲ್‌ನ ಬೆನ್ನಿಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಕೇಬಲ್. ಪ್ಯಾರಲಲ್ ಪೋರ್ಟ್ ಇಲ್ಲದ ಹೊಸ ಕಂಪ್ಯೂಟರ್ ತಂದಿಟ್ಟರೆ ಶನಿವಾರದ ಬಟವಾಡೆ ಪಟ್ಟಿ ಹೊರಬರುವುದಿಲ್ಲ. ಹಣ್ಣು ಕೊಯ್ಯುವ ಕಾಲ. ಹೊರಗಿನಿಂದ ಬಂದ ಆಳುಗಳು ಸೇರಿ ಹಾಜರಿ ಎಂದಿಗಿಂತ ದುಪ್ಪಟ್ಟಿತ್ತು.

ಇಷ್ಟು ವರ್ಷ ಬ್ಯಾಕಪ್ ಸಿಡಿಗೆ ಹೋಗುತ್ತಿತ್ತು. ಮಳೆಗಾಲದಲ್ಲಿ ಸಿಡಿ ರೈಟರ್ ಕೈಕೊಟ್ಟಿತು. ಬೆಂಗಳೂರಿನಲ್ಲಿರುವ ಮಾಲೀಕರ ಮಗಳು ರಜೆಗೆ ಬಂದಾಗ ಈ ವಿಷಯ ತಿಳಿದು, ತನ್ನ 4 ಟಿಬಿಯ ಪೋರ್ಟಬಲ್ ಹಾರ್ಡ್ ಡಿಸ್ಕನ್ನೇ ಕೊಟ್ಟಿದ್ದರು. ಅದರಲ್ಲಿ ಆಗಲೇ ಸುಮಾರು 1.3 ಟಿಬಿಯಷ್ಟು ಮನೆಯ ಫೋಟೋಗಳಿದ್ದವು.

ಮಾಲೀಕರ ಚಿಂತೆ ಲೆಕ್ಕದ್ದಲ್ಲ. ಅದೇ ಫೋಲ್ಡರಿನಲ್ಲಿ ಮಳೆಯ ಕಡತವೂ ಇತ್ತು: ಅವರ ತಂದೆಯವರ ಕಾಲದಿಂದ ದಿನದಿನವೂ ಇಂಚು, ಸೆಂಟ್ಸ್‌ಗಳಲ್ಲಿ (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಟ್ಟ ಮಳೆಯನ್ನು ರೈಟರು ಮೂರು ಮಳೆಗಾಲ ಕೂತು ಪುಸ್ತಕದಿಂದ ಟೈಪ್ ಮಾಡಿದ್ದರು. "ಲೆಕ್ಕ ಹೋದ್ರೆ ಬಿಲ್ ನೋಡ್ಕೊಂಡು ಇನ್ನೊಂದ್ಸಲ ಬರೀಬಹುದು. ಮಳೆ ಪುಸ್ತಕಗಳಿಗೆ ಆಗಲೇ ಗೆದ್ದಲು ಹಿಡಿದಿದೆ" ಎಂದರು ಮಾಲೀಕರು.

ಮೊದಲು ನೋಡಿದ್ದು ಲಕ್ಷಣಗಳನ್ನು

ಮೂರು ಡ್ರೈವ್‌ಗಳನ್ನೂ ಮೇಜಿನ ಮೇಲಿಟ್ಟುಕೊಂಡು, ಒಂದೊಂದನ್ನೂ ಹಾಕಿದಾಗ ನಿಖರವಾಗಿ ಏನಾಗುತ್ತದೆ ಎಂದು ರೈಟರನ್ನು ಕೇಳಿದೆ. ಉತ್ತರ ಬಂದ ಕೂಡಲೇ ಇದು ಒಂದೇ ದೋಷವಲ್ಲ ಎಂಬುದು ಖಚಿತವಾಯಿತು. 4 ಟಿಬಿ ಡಿಸ್ಕನ್ನು ಮುಂಭಾಗದ ಪೋರ್ಟಿಗೆ ಹಾಕಿದರೆ ದೀಪ ಮಿನುಗಿ, ಒಳಗೆ ಟಿಕ್ ಟಿಕ್ ಸದ್ದಾಗಿ, ಕೊನೆಗೆ ಈ ಯುಎಸ್‌ಬಿ ಸಾಧನದ ಗುರುತು ಸಿಗುತ್ತಿಲ್ಲ ಎಂಬ ಸಂದೇಶ ಬರುತ್ತಿತ್ತು. ಮಾಲೀಕರ ಬಳಿ ಮೊದಲಿನಿಂದಲೂ ಇದ್ದ 500 ಜಿಬಿ ಡಿಸ್ಕ್ ಹಾಕಿದರೆ, ಹೊಸ ಹಾರ್ಡ್‌ವೇರ್ ಬಳಕೆಗೆ ಸಿದ್ಧವಾಗಿದೆ ಎಂದು ಮೂಲೆಯಲ್ಲಿ ತೋರಿಸುತ್ತಿತ್ತು, ಆದರೆ ಮೈ ಕಂಪ್ಯೂಟರ್ ತೆರೆದರೆ ಡ್ರೈವ್ ಇರುತ್ತಿರಲಿಲ್ಲ. ಮೂರನೆಯದು 64 ಜಿಬಿ ಪೆನ್ ಡ್ರೈವ್, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ಕಾರ್ಖಾನೆಯಿಂದ ಬಂದ ಔಟ್‌ಟರ್ನ್ ವರದಿಗಳ (ಎಷ್ಟು ಬೀಜ ಸಿಕ್ಕಿತು ಎಂಬ ಲೆಕ್ಕ) ಸ್ಕ್ಯಾನ್ ಇದ್ದದ್ದು. ಅದು ಮೈ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ಒತ್ತಿದರೆ ಮಾತ್ರ, ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ ಎಂದು ಕೇಳುತ್ತಿತ್ತು.

ಈ ಕೊನೆಯ ಪ್ರಶ್ನೆಗೆ ರೈಟರು ಒಮ್ಮೆ ಹೌದು ಎಂದು ಒತ್ತಿಯೂ ಬಿಟ್ಟಿದ್ದರು. ಆಮೇಲೆ ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬ ಎರಡನೆಯ ಎಚ್ಚರಿಕೆ ಬಂದಾಗ ಗಾಬರಿಯಾಗಿ ನಿಲ್ಲಿಸಿದರಂತೆ. ನನ್ನ ಅನುಭವದಲ್ಲಿ ಮಾಹಿತಿ ಕಳೆದುಕೊಂಡು ಅಂಗಡಿಗೆ ಬರುವವರಲ್ಲಿ ಬಹಳಷ್ಟು ಮಂದಿಯ ಡ್ರೈವ್ ಮೊದಲಿಗೆ ಕೆಟ್ಟೇ ಇರುವುದಿಲ್ಲ. ಓದಲಾಗದ ಕಂಪ್ಯೂಟರ್ ಕೇಳಿದ ಈ ಪ್ರಶ್ನೆಗೆ ಹೌದು ಎಂದದ್ದರಿಂದ ಕೆಟ್ಟಿರುತ್ತದೆ. "ಫಾರ್ಮ್ಯಾಟ್ ಆಗಿಲ್ಲ" ಎಂದು ಹಳೆಯ ಯಂತ್ರ ಹೇಳಿದರೆ, "ಇದರ ಬರವಣಿಗೆ ನನಗೆ ಬರುವುದಿಲ್ಲ" ಎಂದು ಅರ್ಥ ಮಾಡಿಕೊಳ್ಳಬೇಕು.

ಒಂದು ಡ್ರೈವ್ ತೆರೆಯುವುದರ ಹಿಂದೆ ಹಲವು ಮೆಟ್ಟಿಲುಗಳಿವೆ. ಸಾಕಷ್ಟು ಕರೆಂಟ್ ಸಿಗಬೇಕು. ಯುಎಸ್‌ಬಿ ಸಾಧನವೆಂದು ಗುರುತು ಹತ್ತಬೇಕು. ಡಿಸ್ಕಿನ ಆರಂಭದಲ್ಲಿರುವ ವಿಭಾಗಗಳ ಪಟ್ಟಿ, ಅಂದರೆ ಪಾರ್ಟಿಷನ್ ಟೇಬಲ್, ಕಂಪ್ಯೂಟರಿಗೆ ಅರ್ಥವಾಗಬೇಕು. ಆ ವಿಭಾಗದ ಒಳಗಿನ ಫೈಲ್ ವ್ಯವಸ್ಥೆ, ಅಂದರೆ ಫೈಲುಗಳನ್ನು ಜೋಡಿಸಿಡುವ ಕ್ರಮ, ತಿಳಿದಿರಬೇಕು. ಕೊನೆಗೆ ಅದಕ್ಕೊಂದು ಡ್ರೈವ್ ಅಕ್ಷರ (ಸಿ, ಡಿ ಎಂಬಂಥದ್ದು) ಸಿಗಬೇಕು. ಮೂರು ಡ್ರೈವ್‌ಗಳೂ ಬೇರೆ ಬೇರೆ ಮೆಟ್ಟಿಲಿನಲ್ಲಿ ಎಡವುತ್ತಿದ್ದವು.

ಮುಂಭಾಗದ ಪೋರ್ಟ್

ಮೂರನ್ನೂ ಪಕ್ಕಕ್ಕಿಟ್ಟು, ನನ್ನ ಚೀಲದಲ್ಲಿ ಸದಾ ಇರುವ 8 ಜಿಬಿಯ ಹಳೆಯ ಪೆನ್ ಡ್ರೈವನ್ನು ಒಂದೊಂದೇ ಪೋರ್ಟಿಗೆ ಹಾಕುತ್ತಾ ಹೋದೆ. ಫ್ಯಾಟ್ 32 ಎಂಬ ಹಳೆಯ ಫೈಲ್ ವ್ಯವಸ್ಥೆಯಲ್ಲಿರುವ ಅದನ್ನು ಎಕ್ಸ್‌ಪಿ ಓದದಿದ್ದರೆ ತಪ್ಪು ಪೋರ್ಟಿನದು ಅಥವಾ ಅದನ್ನು ನಡೆಸುವ ಡ್ರೈವರ್ ತಂತ್ರಾಂಶದ್ದು ಎಂದು ಧೈರ್ಯವಾಗಿ ಹೇಳಬಹುದು. ಹಿಂಭಾಗದ ನಾಲ್ಕೂ ಪೋರ್ಟುಗಳಲ್ಲಿ ಅದು ತಕ್ಷಣ ತೆರೆಯಿತು. ಮುಂಭಾಗದ ಎರಡರಲ್ಲಿ ಒಂದು ಸತ್ತೇ ಹೋಗಿತ್ತು, ಇನ್ನೊಂದರಲ್ಲಿ ತೆರೆಯಿತು. ಮದರ್‌ಬೋರ್ಡ್ ಹೋಗಿದೆ ಎಂಬ ತೀರ್ಮಾನ ಐದು ನಿಮಿಷದಲ್ಲಿ ಬಿದ್ದುಹೋಯಿತು. ಡಿವೈಸ್ ಮ್ಯಾನೇಜರ್ ತೆರೆದು ಯುಎಸ್‌ಬಿ 2.0ರ ಎನ್‌ಹ್ಯಾನ್ಸ್‌ಡ್ ಹೋಸ್ಟ್ ಕಂಟ್ರೋಲರ್ ಇದೆಯೇ ಎಂದೂ ನೋಡಿದೆ, ಇತ್ತು. ಅದರ ಡ್ರೈವರ್ ಇಲ್ಲದಿದ್ದರೆ ಪೋರ್ಟುಗಳು ಯುಎಸ್‌ಬಿ 1.1ರ ವೇಗಕ್ಕೆ, ಅಂದರೆ ಸೆಕೆಂಡಿಗೆ 12 ಮೆಗಾಬಿಟ್‌ಗೆ ಇಳಿಯುತ್ತವೆ. 2.0ರದ್ದು 480 ಮೆಗಾಬಿಟ್.

ಚಿಕ್ಕ ಪೆನ್ ಡ್ರೈವ್ ತೆರೆಯುವ ಮುಂಭಾಗದ ಪೋರ್ಟಿನಲ್ಲಿ ದೊಡ್ಡ ಡಿಸ್ಕ್ ಏಕೆ ಟಿಕ್ ಟಿಕ್ ಎನ್ನುತ್ತದೆ? ಯುಎಸ್‌ಬಿ 2.0 ಪೋರ್ಟು ಕೊಡಬೇಕಾದದ್ದು 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್. ಯುಎಸ್‌ಬಿ 3.0 ಬಂದಾಗ ಇದು 900ಕ್ಕೆ ಏರಿತು, ಮತ್ತು ಈಗಿನ ಪೋರ್ಟಬಲ್ ಡಿಸ್ಕುಗಳು ಆ ಲೆಕ್ಕದಲ್ಲೇ ತಯಾರಾಗಿರುತ್ತವೆ. ಪೆನ್ ಡ್ರೈವಿನಲ್ಲಿ ತಿರುಗುವಂಥದ್ದೇನೂ ಇಲ್ಲ; ಹಾರ್ಡ್ ಡಿಸ್ಕಿನ ತಟ್ಟೆಗಳು ನಿಂತಲ್ಲಿಂದ ವೇಗಕ್ಕೆ ಬರುವ ಆ ಒಂದೆರಡು ಸೆಕೆಂಡು ಬೇಡುವ ಕರೆಂಟ್ ಆಮೇಲೆ ಬೇಡುವುದಕ್ಕಿಂತ ಬಹಳ ಹೆಚ್ಚು. ಆ ಹೊತ್ತಿನಲ್ಲಿ ವೋಲ್ಟೇಜ್ ಕುಸಿದರೆ ಡಿಸ್ಕ್ ನಿಂತು, ಮತ್ತೆ ಪ್ರಯತ್ನಿಸಿ, ಮತ್ತೆ ನಿಲ್ಲುತ್ತದೆ. ಟಿಕ್ ಟಿಕ್ ಸದ್ದು ಅದೇ. ಕೆಟ್ಟ ಡಿಸ್ಕೂ ಇದೇ ಸದ್ದು ಮಾಡುವುದರಿಂದ ಬೇರೆ ಪೋರ್ಟಿನಲ್ಲಿ ನೋಡುವ ತನಕ ಡಿಸ್ಕ್ ಸತ್ತಿದೆ ಎನ್ನಬಾರದು.

ಯುಎಸ್‌ಬಿ ಮೀಟರ್ ನಡುವೆ ಸಿಕ್ಕಿಸಿ ನೋಡಿದಾಗ ಮುಂಭಾಗದಲ್ಲಿ 5.0 ವೋಲ್ಟ್ ಇದ್ದದ್ದು ಡಿಸ್ಕ್ ತಿರುಗಲು ಹೊರಟ ಕೂಡಲೇ 4.4ಕ್ಕೆ ಇಳಿಯಿತು, ಹಿಂಭಾಗದಲ್ಲಿ 4.9ರಲ್ಲೇ ನಿಂತಿತು. ಹಿಂಭಾಗದ ಪೋರ್ಟು ಮದರ್‌ಬೋರ್ಡಿಗೇ ಬೆಸೆದಿರುತ್ತದೆ, ಮುಂಭಾಗದ್ದಕ್ಕೆ ಕ್ಯಾಬಿನೆಟ್ಟಿನೊಳಗೆ ಒಂದೂವರೆ ಅಡಿ ತೆಳು ತಂತಿ. ಪಕ್ಕದ ಬಾಗಿಲು ಬಿಚ್ಚಿ ಟಾರ್ಚ್ ಹಿಡಿದೆ. ಕಣದ ಕಡೆಯಿಂದ ಹಾರಿಬಂದ ಕಾಫಿ ಹೊಟ್ಟಿನ ಧೂಳು ಫ್ಯಾನಿನ ಮೇಲೆ ಕಂಬಳಿಯಂತೆ ಕೂತಿತ್ತು. ಮುಂಭಾಗದ ತಂತಿ ಮದರ್‌ಬೋರ್ಡಿಗೆ ಸೇರುವ ಪಿನ್ನುಗಳಲ್ಲಿ ಎರಡಕ್ಕೆ ಹಸಿರು ಕಿಲುಬು ಹಿಡಿದಿತ್ತು, ಮತ್ತು ಸತ್ತ ಪೋರ್ಟಿನೊಳಗಿನ ನಾಲ್ಕು ಚಿನ್ನದ ಬಣ್ಣದ ಪಟ್ಟಿಗಳಲ್ಲಿ ಒಂದು ಕಪ್ಪಾಗಿ ಒಳಕ್ಕೆ ಮಡಚಿಕೊಂಡಿತ್ತು. ಮಲೆನಾಡಿನ ಮಳೆಗಾಲದ ನಾಲ್ಕು ತಿಂಗಳು ಬಟ್ಟೆಗೇ ಬೂಷ್ಟು ಹಿಡಿಯುವಾಗ ಪಿನ್ನಿಗೆ ಕಿಲುಬು ಹಿಡಿಯುವುದರಲ್ಲಿ ಆಶ್ಚರ್ಯವೇನಿಲ್ಲ. ಒರೆಸಿ ಸರಿಮಾಡುವ ಬದಲು ಮುಂಭಾಗದ ತಂತಿಯನ್ನೇ ಕಿತ್ತುಬಿಟ್ಟೆ. ಅರ್ಧ ಕೆಲಸ ಮಾಡುವ ಪೋರ್ಟು ಪೂರ್ತಿ ಸತ್ತ ಪೋರ್ಟಿಗಿಂತ ಅಪಾಯಕಾರಿ. ಬರೆಯುವಾಗ ನಡುವೆ ಕೈಬಿಟ್ಟರೆ ಫೈಲುಗಳು ಹಾಳಾಗುತ್ತವೆ.

ರೈಟರು ತಂದಿಟ್ಟಿದ್ದ ನಾಲ್ಕು ಬಾಯಿಯ ಹಬ್ ಕೂಡ ಮೇಜಿನ ಮೇಲಿತ್ತು. ಸ್ವಂತ ಅಡಾಪ್ಟರ್ ಇಲ್ಲದ ಹಬ್ ಇರುವ ಕರೆಂಟನ್ನೇ ಹಂಚುತ್ತದೆ. ನಿಯಮದ ಪ್ರಕಾರ ಒಂದೊಂದು ಬಾಯಿಗೆ 100 ಮಿಲಿಆಂಪಿಯರ್. ಹಾರ್ಡ್ ಡಿಸ್ಕಿಗೆ ಅದು ಏತಕ್ಕೂ ಸಾಲದು.

ಅಕ್ಷರದ ಜಗಳ

500 ಜಿಬಿ ಡಿಸ್ಕನ್ನು ಹಿಂಭಾಗದಲ್ಲಿ ಹಾಕಿದರೂ ಮೈ ಕಂಪ್ಯೂಟರಿನಲ್ಲಿ ಕಾಣಲಿಲ್ಲ. ಇಲ್ಲಿ ನೋಡಬೇಕಾದ ಜಾಗ ಮೈ ಕಂಪ್ಯೂಟರ್ ಅಲ್ಲ, ಡಿಸ್ಕ್ ಮ್ಯಾನೇಜ್‌ಮೆಂಟ್. ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಮ್ಯಾನೇಜ್ ಆರಿಸಿದರೆ ಸಿಗುತ್ತದೆ. ಅಲ್ಲಿ ಡಿಸ್ಕ್ ಆರೋಗ್ಯವಾಗಿಯೇ ಇತ್ತು: ಒಂದೇ ವಿಭಾಗ, ಫೈಲ್ ವ್ಯವಸ್ಥೆ ಎನ್‌ಟಿಎಫ್‌ಎಸ್, ಅಕ್ಷರ ಎಫ್.

ಮತ್ತೆ ಮೈ ಕಂಪ್ಯೂಟರಿಗೆ ಬಂದು ನೋಡಿದರೆ ಎಫ್ ಅಲ್ಲಿಯೂ ಇತ್ತು, ಆದರೆ ಕೆಂಪು ಅಡ್ಡಗೆರೆಯೊಂದಿಗೆ. ಎಷ್ಟೋ ವರ್ಷದ ಹಿಂದೆ ಬಂಗಲೆಯಲ್ಲಿದ್ದ ಇನ್ನೊಂದು ಕಂಪ್ಯೂಟರಿನ ಫೋಲ್ಡರನ್ನು ಕೇಬಲ್ ಮೂಲಕ ಈ ಯಂತ್ರಕ್ಕೆ ಎಫ್ ಡ್ರೈವ್ ಎಂದು ಜೋಡಿಸಿದ್ದರು. ಆ ಕಂಪ್ಯೂಟರ್ ಗುಜರಿಗೆ ಹೋಗಿತ್ತು, ಕೇಬಲನ್ನು ಇಲಿ ಕಡಿದಿತ್ತು, ಆದರೆ ಎಫ್ ಎಂಬ ಹೆಸರು ಮಾತ್ರ ಉಳಿದಿತ್ತು. ಎಕ್ಸ್‌ಪಿಯಲ್ಲಿ ಯುಎಸ್‌ಬಿ ಡ್ರೈವಿಗೆ ಅಕ್ಷರ ಹಂಚುವ ಭಾಗಕ್ಕೆ ಕಾಣುವುದು ಯಂತ್ರದೊಳಗಿನ ಡಿಸ್ಕುಗಳು ಮಾತ್ರ. ನೆಟ್‌ವರ್ಕ್ ಡ್ರೈವ್ ಲಾಗಿನ್ ಆದ ಬಳಕೆದಾರನ ಲೆಕ್ಕಕ್ಕೆ ಸೇರಿದ್ದು, ಅದು ಇದಕ್ಕೆ ಗೊತ್ತಾಗುವುದಿಲ್ಲ. ಸಿ ಮತ್ತು ಡಿ ಒಳಗಿನ ವಿಭಾಗಗಳು, ಇ ಸಿಡಿ ಡ್ರೈವ್, ಹಾಗಾಗಿ ಮುಂದಿನದು ಎಫ್ ಎಂದು ಅದು ಕೊಟ್ಟುಬಿಟ್ಟಿತು.

ರೈಟರಿಗೆ ಇದನ್ನು ಆಳುಗಳು ವಾಸಿಸುವ ಲೈನು ಮನೆಗಳ ಉದಾಹರಣೆಯಲ್ಲಿ ಹೇಳಿದೆ. ಲೈನು ಮನೆ ಹಂಚುವ ಪುಸ್ತಕ ಎರಡಿದ್ದು, ಒಂದರಲ್ಲಿ ಆರನೇ ಮನೆ ಹಳೆಯ ಮೇಸ್ತ್ರಿಯ ಹೆಸರಿನಲ್ಲೇ ಇದ್ದು, ಇನ್ನೊಂದನ್ನು ನೋಡಿ ನೀವು ಅದನ್ನೇ ಹೊಸಬನಿಗೆ ಕೊಟ್ಟರೆ, ಬಂದವರೆಲ್ಲ ಬಾಗಿಲ ಮೇಲಿನ ಹಳೆಯ ಹೆಸರು ನೋಡಿ ವಾಪಸ್ ಹೋಗುತ್ತಾರೆ. "ಹಂಗಾದ್ರೆ ಡಿಸ್ಕು ಒಳಗೇ ಇತ್ತಾ?" ಎಂದರು. ಒಳಗೇ ಇತ್ತು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅದರ ಅಕ್ಷರವನ್ನು ಯು ಎಂದು ಬದಲಿಸಿದ ಕೂಡಲೇ ಡ್ರೈವ್ ಕಾಣಿಸಿಕೊಂಡಿತು. ಅಕ್ಷರಮಾಲೆಯ ಕೊನೆಯ ಕಡೆಯ ಅಕ್ಷರವನ್ನೇ ಆರಿಸುವುದು ನನ್ನ ರೂಢಿ. ಎಕ್ಸ್‌ಪಿ ಆ ಡಿಸ್ಕಿಗೆ ಕೊಟ್ಟ ಅಕ್ಷರವನ್ನು ನೆನಪಿಟ್ಟುಕೊಳ್ಳುವುದರಿಂದ ಮತ್ತೆ ಜಗಳ ಬರುವುದಿಲ್ಲ. ಹಳೆಯ ಎಫ್ ಜೋಡಣೆಯನ್ನೂ ತೆಗೆದುಹಾಕಿದೆ.

64 ಜಿಬಿ ಪೆನ್ ಡ್ರೈವ್

ಇದನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ ಪ್ರಾಪರ್ಟೀಸ್ ನೋಡಿದಾಗ ಫೈಲ್ ವ್ಯವಸ್ಥೆ ಎಕ್ಸ್‌ಫ್ಯಾಟ್ ಎಂದಿತ್ತು. ಮೈಕ್ರೋಸಾಫ್ಟ್ ಇದನ್ನು ಹೊರತಂದದ್ದು 2006ರಲ್ಲಿ; ಎಕ್ಸ್‌ಪಿ ಬಂದದ್ದು 2001ರಲ್ಲಿ. ತನಗಿಂತ ಐದು ವರ್ಷ ಕಿರಿಯ ವ್ಯವಸ್ಥೆಯನ್ನು ಎಕ್ಸ್‌ಪಿ ತಾನಾಗಿ ಓದುವಂತಿಲ್ಲ. 32 ಜಿಬಿಗಿಂತ ದೊಡ್ಡ ಮೆಮೊರಿ ಕಾರ್ಡುಗಳಿಗಂತೂ ಎಕ್ಸ್‌ಫ್ಯಾಟ್ ಎಂಬುದೇ ನಿಯಮ, ಪೆನ್ ಡ್ರೈವ್‌ಗಳಲ್ಲೂ ಆ ಗಾತ್ರದ ಮೇಲಿನವು ಹಲವು ಹಾಗೆಯೇ ಬರುತ್ತವೆ. ಹಳೆಯ 4 ಜಿಬಿ ಪೆನ್ ಡ್ರೈವ್ ಚೆನ್ನಾಗಿ ಓದುತ್ತಿತ್ತು, ಹೊಸದು ಓದುವುದಿಲ್ಲ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

2009ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಪಿಗೆ ಎಕ್ಸ್‌ಫ್ಯಾಟ್ ಓದುವ ಅಪ್‌ಡೇಟ್ ಒಂದನ್ನು ಕೊಟ್ಟಿತ್ತು, ಕೆಬಿ 955704. ಸರ್ವಿಸ್ ಪ್ಯಾಕ್ 2 ಅಥವಾ 3 ಇದ್ದರೆ ಅದನ್ನು ಹಾಕಬಹುದು. ಅದರ ಒಂದು ಪ್ರತಿಯನ್ನು ನಾನು ಎತ್ತಿಟ್ಟುಕೊಂಡಿದ್ದೆ. 8 ಜಿಬಿ ಪೆನ್ ಡ್ರೈವಿನಲ್ಲಿ ಸಾಗಿಸಿ, ಹಾಕಿ, ರೀಸ್ಟಾರ್ಟ್ ಮಾಡಿದ ಮೇಲೆ ಪೆನ್ ಡ್ರೈವ್ ಯಾವ ಪ್ರಶ್ನೆಯನ್ನೂ ಕೇಳದೆ ತೆರೆಯಿತು. ಔಟ್‌ಟರ್ನ್ ವರದಿಗಳು ಎಲ್ಲವೂ ಇದ್ದವು.

ಹಾಗಿದ್ದರೂ ಲೆಕ್ಕದ ಬ್ಯಾಕಪ್ಪಿಗೆ ಆ ಪೆನ್ ಡ್ರೈವ್ ಬೇಡ ಎಂದೇ ಹೇಳಿದೆ. ಎನ್‌ಟಿಎಫ್‌ಎಸ್ ತಾನು ಮಾಡುವ ಬದಲಾವಣೆಗಳನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಂಡು ಆಮೇಲೆ ಮಾಡುತ್ತದೆ. ನಡುವೆ ಕರೆಂಟ್ ಹೋದರೆ ಆ ದಿನಚರಿ ನೋಡಿ ತನ್ನನ್ನು ಸರಿಪಡಿಸಿಕೊಳ್ಳುತ್ತದೆ. ಎಕ್ಸ್‌ಫ್ಯಾಟ್‌ನಲ್ಲಿ ಅಂಥ ದಿನಚರಿ ಇಲ್ಲ. ಗಾಳಿಗೆ ಒಂದು ಮರ ಬಿದ್ದರೆ ಸಾಕು, ಎರಡು ದಿನ ಕರೆಂಟ್ ಇಲ್ಲದಿರುವ ಜಾಗ ಅದು. ಯುಪಿಎಸ್ ಇದೆ, ಅದರ ಬ್ಯಾಟರಿಯ ಆಯಸ್ಸನ್ನು ನಾನು ಕೇಳಲಿಲ್ಲ, ಅದು ಕೂಗುವ ರೀತಿಯಲ್ಲೇ ತಿಳಿಯುತ್ತಿತ್ತು.

ಎಕ್ಸ್‌ಪಿಗೆ ನಿಲುಕದ ಡಿಸ್ಕ್

ಉಳಿದದ್ದು 4 ಟಿಬಿ. ಹಿಂಭಾಗದ ಪೋರ್ಟಿಗೆ ಹಾಕಿದಾಗ ಟಿಕ್ ಟಿಕ್ ನಿಂತು, ಡಿಸ್ಕ್ ಒಂದೇ ಸಮನೆ ತಿರುಗಿತು, ಗುರುತೂ ಹತ್ತಿತು. ಇಲ್ಲಿಗೆ ಮುಗಿಯಿತು ಎಂದುಕೊಂಡವನಿಗೆ ಹಿಂದಿದ್ದ ದೋಷ ಈಗಷ್ಟೇ ಎದುರಾಯಿತು. ಮೈ ಕಂಪ್ಯೂಟರಿನಲ್ಲಿ ಡ್ರೈವ್ ಇರಲಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅದರ ಪಟ್ಟೆಯ ಮೇಲೆ "ಜಿಪಿಟಿ ಪ್ರೊಟೆಕ್ಟಿವ್ ಪಾರ್ಟಿಷನ್" ಎಂದು ಬರೆದಿತ್ತು. ರೈಟ್ ಕ್ಲಿಕ್ ಮಾಡಿದರೆ ಅಕ್ಷರ ಕೊಡುವ ಅವಕಾಶವೂ ಇರಲಿಲ್ಲ.

ಹಳೆಯ ಡಿಸ್ಕುಗಳಲ್ಲಿ ವಿಭಾಗಗಳ ಪಟ್ಟಿ ಎಂಬಿಆರ್ ಎಂಬ ಕ್ರಮದಲ್ಲಿರುತ್ತದೆ. ಅದರಲ್ಲಿ ಒಂದು ವಿಭಾಗ ಎಲ್ಲಿ ಶುರು, ಎಷ್ಟು ಉದ್ದ ಎಂದು ಬರೆಯಲು 32 ಬಿಟ್‌ಗಳ ಜಾಗ ಮಾತ್ರ. 32 ಬಿಟ್‌ಗಳಲ್ಲಿ ಎಣಿಸಬಹುದಾದದ್ದು ಡಿಸ್ಕಿನ ಅತಿ ಚಿಕ್ಕ ತುಣುಕುಗಳಾದ 429 ಕೋಟಿ ಸೆಕ್ಟರ್‌ಗಳು. ಒಂದೊಂದು 512 ಬೈಟ್ ಎಂದರೆ ಒಟ್ಟು ಸುಮಾರು 2.2 ಟಿಬಿ. ಅದರಾಚೆಗೆ ಎಣಿಕೆಯೇ ಇಲ್ಲ. ಆದ್ದರಿಂದ ಅದಕ್ಕಿಂತ ದೊಡ್ಡ ಡಿಸ್ಕುಗಳಿಗೆ ಜಿಪಿಟಿ ಎಂಬ ಹೊಸ ಕ್ರಮ ಬಳಕೆಗೆ ಬಂತು. ಸಾಮಾನ್ಯ 32 ಬಿಟ್ ಎಕ್ಸ್‌ಪಿಗೆ ಜಿಪಿಟಿ ಬರುವುದಿಲ್ಲ. ವಿಸ್ತಾದಿಂದ ಈಚಿನವೆಲ್ಲ ಓದುತ್ತವೆ. ಜಿಪಿಟಿ ಡಿಸ್ಕಿನ ಮೊದಲ ಸೆಕ್ಟರಿನಲ್ಲಿ, ಇದು ಖಾಲಿ ಡಿಸ್ಕ್ ಅಲ್ಲ, ಮುಟ್ಟಬೇಡ ಎಂದು ಹಳೆಯ ಯಂತ್ರಗಳಿಗೆ ಹೇಳಲೆಂದೇ ಒಂದು ಸುಳ್ಳು ಎಂಬಿಆರ್ ಇಟ್ಟಿರುತ್ತಾರೆ. ಎಕ್ಸ್‌ಪಿಗೆ ಕಂಡದ್ದು ಆ ಬೇಲಿ. ಒಳಗಿನ ಫೈಲ್ ವ್ಯವಸ್ಥೆ ಎನ್‌ಟಿಎಫ್‌ಎಸ್ಸೇ ಆಗಿತ್ತು, ಎಕ್ಸ್‌ಪಿ ಸಲೀಸಾಗಿ ಓದಬಲ್ಲದ್ದು; ಆದರೆ ಬೇಲಿ ದಾಟದೆ ಅಲ್ಲಿಗೆ ಹೋಗುವಂತಿಲ್ಲ. ಎಕ್ಸ್‌ಫ್ಯಾಟ್ ಅಪ್‌ಡೇಟ್ ಹಾಕಿದ್ದರಿಂದ ಇಲ್ಲಿ ಯಾವ ಪ್ರಯೋಜನವೂ ಇಲ್ಲ.

ದೊಡ್ಡ ಡಿಸ್ಕುಗಳೆಲ್ಲ ಎಕ್ಸ್‌ಪಿಗೆ ನಿಲುಕುವುದಿಲ್ಲ ಎಂದೂ ಅಲ್ಲ. ಕೆಲವು ಎಕ್ಸ್‌ಟರ್ನಲ್ ಡಿಸ್ಕುಗಳ ಪೆಟ್ಟಿಗೆಯೊಳಗಿನ ಸರ್ಕಿಟ್ 512ರ ಬದಲು 4096 ಬೈಟ್‌ಗಳ ಸೆಕ್ಟರ್ ಎಂದು ಕಂಪ್ಯೂಟರಿಗೆ ತೋರಿಸುತ್ತದೆ. ಎಣಿಕೆ ಅಷ್ಟೇ, ಅಳತೆಯ ಕೊಳಗ ಎಂಟು ಪಟ್ಟು ದೊಡ್ಡದು. ಆಗ ಎಂಬಿಆರ್ ಸುಮಾರು 17.6 ಟಿಬಿ ತನಕ ಸಾಲುತ್ತದೆ. ಈ ಉಪಾಯಕ್ಕೆ ಇನ್ನೊಂದು ಮುಖವಿದೆ. ಹಿಂದೊಮ್ಮೆ ಒಂದು ಫೋಟೋ ಸ್ಟುಡಿಯೋದವರ ಇಂಥ ಡಿಸ್ಕಿನ ಪೆಟ್ಟಿಗೆ ಕೆಟ್ಟಿತು. ಡಿಸ್ಕನ್ನು ಹೊರತೆಗೆದು ಬೇರೆ ಪೆಟ್ಟಿಗೆಗೆ ಹಾಕಿದರೆ, ಅಳತೆ ಮತ್ತೆ 512ಕ್ಕೆ ಬಂದು ಇಡೀ ಡಿಸ್ಕ್ ಖಾಲಿಯೆಂಬಂತೆ ಕಂಡಿತು. ಅದೇ ಬಗೆಯ ಇನ್ನೊಂದು ಪೆಟ್ಟಿಗೆ ಹುಡುಕಿ ಹಾಕುವ ತನಕ ಮದುವೆ ಮನೆಯವರು ಅವರ ಬೆನ್ನು ಬಿಡಲಿಲ್ಲ. ನಮ್ಮ 4 ಟಿಬಿ ಡಿಸ್ಕ್ ಆ ಜಾತಿಯದಾಗಿರಲಿಲ್ಲ. ಲ್ಯಾಪ್‌ಟಾಪಿನ ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ ಒಂದು ಸೆಕ್ಟರಿಗೆ 512 ಬೈಟ್ ಎಂದೇ ಇತ್ತು.

ಮುಂದೇನು ಎಂಬ ಪ್ರಶ್ನೆಗೆ ಫೋನಿನಲ್ಲಿ ಯಾರೋ ಮಗಳಿಗೆ ಆಗಲೇ ಉತ್ತರ ಕೊಟ್ಟಿದ್ದರು: ಡಿಸ್ಕನ್ನು ಎಂಬಿಆರ್‌ಗೆ ಬದಲಿಸಿ. ವಿಂಡೋಸಿನ ಸ್ವಂತ ಸಲಕರಣೆಗಳಿಂದ ಡೇಟಾ ಡಿಸ್ಕನ್ನು ಹಾಗೆ ಬದಲಿಸಬೇಕಾದರೆ ಅದು ಮೊದಲು ಖಾಲಿಯಾಗಬೇಕು. ಡಿಸ್ಕ್‌ಪಾರ್ಟ್ ಎಂಬ ಸಲಕರಣೆಯಲ್ಲಿ "ಕ್ಲೀನ್" ಎಂದು ಟೈಪ್ ಮಾಡಿದರೆ ಆ ಕೆಲಸ ಕ್ಷಣದಲ್ಲಿ ಆಗುತ್ತದೆ, 1.3 ಟಿಬಿ ಫೋಟೋಗಳ ದಾರಿಯೂ ಅದರೊಂದಿಗೆ ಅಳಿಯುತ್ತದೆ. ಅಷ್ಟು ಮಾಡಿ ಎಂಬಿಆರ್‌ಗೆ ತಂದರೂ 4 ಟಿಬಿಯಲ್ಲಿ 2.2ರ ಆಚೆಗಿನದು ಬಳಕೆಗೆ ಸಿಗುವುದಿಲ್ಲ. ಎಕ್ಸ್‌ಪಿಗೆ ಜಿಪಿಟಿ ಓದಿಸುವ ಹೊರಗಿನ ಡ್ರೈವರುಗಳೂ ಇವೆ. ಬಟವಾಡೆಯ ಏಕೈಕ ಯಂತ್ರದಲ್ಲಿ, ಬಟವಾಡೆಗೆ ಎರಡು ದಿನ ಇರುವಾಗ, ಅಂಥ ಪ್ರಯೋಗ ಮಾಡುವ ಧೈರ್ಯ ನನಗಿರಲಿಲ್ಲ.

ನೆಟ್‌ವರ್ಕ್ ಮೂಲಕ ಕೊಡುವ ದಾರಿಯನ್ನೂ ಯೋಚಿಸಿದೆ. ಡಿಸ್ಕ್ ಮಗಳ ಲ್ಯಾಪ್‌ಟಾಪಿಗೆ ಹಾಕಿದ್ದರೆ ಅದನ್ನು ಓದುವ ಕೆಲಸ ಲ್ಯಾಪ್‌ಟಾಪಿನದು. ಎಕ್ಸ್‌ಪಿಗೆ ತಲುಪುವುದು ಬರೀ ಫೈಲ್, ಆದ್ದರಿಂದ ಜಿಪಿಟಿ, ಎಕ್ಸ್‌ಫ್ಯಾಟ್ ಯಾವುದೂ ಅಡ್ಡಿಯಲ್ಲ. ತೊಂದರೆಯೆಂದರೆ ಎಕ್ಸ್‌ಪಿಗೆ ಬರುವುದು ಎಸ್‌ಎಂಬಿ 1 ಎಂಬ ಹಳೆಯ ಭಾಷೆ ಮಾತ್ರ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನಾಕ್ರೈ ಎಂಬ ಕುತಂತ್ರಾಂಶ ನುಗ್ಗಿದ್ದು ಅದರ ದೋಷದ ಮೂಲಕವೇ. ಆಮೇಲೆ ಬಂದ ವಿಂಡೋಸ್ 10ರ ಆವೃತ್ತಿಗಳಲ್ಲಿ ಅದನ್ನು ಮೊದಲೇ ಕೈಬಿಟ್ಟಿರುತ್ತಾರೆ. ಮಗಳ ಲ್ಯಾಪ್‌ಟಾಪಿನಲ್ಲಿ ಅದನ್ನು ಮತ್ತೆ ತೆರೆದಿಟ್ಟು ಬೆಂಗಳೂರಿಗೆ ಕಳಿಸುವುದು ಸರಿಯೆನಿಸಲಿಲ್ಲ.

ಕೊನೆಗೆ ಮಾಡಿದ ವ್ಯವಸ್ಥೆ

ಎಕ್ಸ್‌ಪಿಗೂ 4 ಟಿಬಿ ಡಿಸ್ಕಿಗೂ ಸಂಬಂಧವೇ ಬೇಡವೆಂದು ತೀರ್ಮಾನಿಸಿದೆ. ಮಾಲೀಕರಿಗೆ ಮೊದಲು ಸ್ವಲ್ಪ ನಿರಾಸೆಯಾಯಿತು, ಅಷ್ಟು ದೊಡ್ಡ ಡಿಸ್ಕ್ ಇದ್ದೂ ಉಪಯೋಗವಿಲ್ಲವಲ್ಲ ಎಂದು. ಲೆಕ್ಕದ ಫೋಲ್ಡರಿನ ಗಾತ್ರ ನೋಡಿದರೆ ಮಳೆಯ ಕಡತವೂ ಸೇರಿ 340 ಎಂಬಿ. ಒಂದು ಹಿಡಿ ಕಾಫಿ ಬೀಜಕ್ಕೆ ಗೋದಾಮು ಕೇಳಿದಂತಿತ್ತು.

500 ಜಿಬಿ ಡಿಸ್ಕ್ ಎಂಬಿಆರ್, ಎನ್‌ಟಿಎಫ್‌ಎಸ್. ಎಕ್ಸ್‌ಪಿಯೂ ಓದುತ್ತದೆ, ಮಗಳ ವಿಂಡೋಸ್ 10 ಲ್ಯಾಪ್‌ಟಾಪೂ ಓದುತ್ತದೆ. ಪ್ರತಿ ಶನಿವಾರ ಬಟವಾಡೆ ಮುಗಿದ ಮೇಲೆ ರೈಟರು ಫೋಲ್ಡರನ್ನು ಯು ಡ್ರೈವಿಗೆ, ಆ ದಿನದ ತಾರೀಖಿನ ಹೆಸರಿನ ಹೊಸ ಫೋಲ್ಡರಿಗೆ ಕಾಪಿ ಮಾಡುವುದು; ಮಗಳು ಊರಿಗೆ ಬಂದಾಗ ಅಲ್ಲಿಂದ ಲ್ಯಾಪ್‌ಟಾಪ್ ಮೂಲಕ 4 ಟಿಬಿಗೆ ಸೇರಿಸಿಕೊಂಡು ಹೋಗುವುದು. ಹೀಗೆ ಒಂದು ಪ್ರತಿ ತೋಟದಲ್ಲೂ ಇನ್ನೊಂದು ಬೆಂಗಳೂರಿನಲ್ಲೂ ಇರುತ್ತದೆ. ಡ್ರೈವ್ ತೆಗೆಯುವ ಮುಂಚೆ ಮೂಲೆಯ ಹಸಿರು ಬಾಣ ಒತ್ತಿ, ತೆಗೆಯಬಹುದು ಎಂಬ ಸಂದೇಶ ಬರುವ ತನಕ ಕಾಯಬೇಕು ಎಂಬುದನ್ನು ರೈಟರಿಂದಲೇ ಮೂರು ಸಲ ಮಾಡಿಸಿದೆ. 4 ಟಿಬಿ ಡಿಸ್ಕಿನ ಬೆನ್ನಿಗೆ ಬಿಳಿ ಪ್ಲಾಸ್ಟರ್ ಅಂಟಿಸಿ "ಆಫೀಸ್ ಕಂಪ್ಯೂಟರಿಗೆ ಹಾಕಬಾರದು" ಎಂದು ಬರೆದೆ.

ಇನ್ನು ಉಳಿದ ಆತಂಕಗಳೂ ಇವೆ. 80 ಜಿಬಿ ಹಾರ್ಡ್ ಡಿಸ್ಕ್ 2005ರದ್ದು, ಬೆಳಿಗ್ಗೆ ಚಾಲೂ ಆಗುವಾಗ ಗೊರಗುಟ್ಟುತ್ತದೆ. ಅದು ನಿಂತರೆ ಬ್ಯಾಕಪ್ಪಿನಿಂದ ಲೆಕ್ಕ ಸಿಗುತ್ತದೆ, ಆದರೆ ಲೆಕ್ಕ ತೆರೆಯುವ ಪ್ರೋಗ್ರಾಂ ಮತ್ತು ಡಾಂಗಲ್ ಬೇರೆ ಯಂತ್ರದಲ್ಲಿ ನಡೆಯುತ್ತವೆಯೇ ಎಂಬುದನ್ನು ಪರೀಕ್ಷಿಸಬೇಕು. ಕೊಯ್ಲು ಮುಗಿದ ಮೇಲೆ ಇಡೀ ಡಿಸ್ಕಿನ ಪ್ರತಿರೂಪ ತೆಗೆದು ಇನ್ನೊಂದು ಹಳೆಯ ಡಿಸ್ಕಿಗೆ ಇಳಿಸಿ ನೋಡುವುದಾಗಿ ಮಾತಾಗಿದೆ.

ಹೊರಡುವ ಮುಂಚೆ ಕಾಪಿ ಸರಿಯಾಗಿದೆಯೇ ಎಂದು ನೋಡಬೇಕಿತ್ತು. ಯು ಡ್ರೈವನ್ನು ಲ್ಯಾಪ್‌ಟಾಪಿಗೆ ಹಾಕಿ ಮಳೆಯ ಕಡತ ತೆರೆದೆ; ರೈಟರು ಬೀರುವಿನಿಂದ ಒಂದು ಮಳೆ ಪುಸ್ತಕ ತೆಗೆದು, ಜುಲೈ ತಿಂಗಳ ಪುಟ ಬಿಡಿಸಿ ಗಟ್ಟಿಯಾಗಿ ಓದುತ್ತಾ ಹೋದರು. ಹದಿನೇಳನೇ ತಾರೀಖಿಗೆ ಬಂದಾಗ ಅವರು "ನಾಲ್ಕು ಇಂಚು ಐವತ್ಮೂರು ಸೆಂಟ್ಸ್" ಎಂದರು. ಪರದೆಯ ಮೇಲೆ 4.35 ಇತ್ತು. ನನಗೆ ಎದೆ ಧಸಕ್ಕೆಂದಿತು. ಎಕ್ಸ್‌ಪಿಯಲ್ಲಿದ್ದ ಮೂಲ ಕಡತ ತೆರೆದು ನೋಡಿದರೆ ಅಲ್ಲೂ 4.35. ಕಾಪಿಯಲ್ಲಿ ತಪ್ಪಿಲ್ಲ, ಟೈಪ್ ಮಾಡುವಾಗ ಅಂಕಿ ತಿರುವುಮುರುವಾಗಿತ್ತು. ರೈಟರು ಏನೂ ಹೇಳದೆ ಕುರ್ಚಿ ಎಳೆದುಕೊಂಡು ಕೂತು, ಅಂಕಿ ತಿದ್ದಿ ಸೇವ್ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ಹಂಗಾದ್ರೆ ಇನ್ನೊಂದ್ಸಲ ಕಾಪಿ ಮಾಡ್ಬೇಕಲ್ವಾ ಸಾರ್?" ಎಂದು, ಲ್ಯಾಪ್‌ಟಾಪಿನಿಂದ ಡಿಸ್ಕ್ ತೆಗೆಸಿಕೊಂಡು, ಮೇಜಿನ ಕೆಳಗೆ ಬಗ್ಗಿ ಹಿಂಭಾಗದ ಪೋರ್ಟಿಗೆ ತಾವೇ ಸಿಕ್ಕಿಸಿದರು.